ಬೆಲ್ಟ್ ಕಟ್ಟಿದ ಕಂದೀಲು

ಸುಮೇಲಾಳನ್ನು ಮೊದಲ ಸಲ ನೋಡಿದವರು ಇವಳಿಗೆಲ್ಲೋ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಿಂದು ಹಿಂದಕ್ಕೆ ನಡೆಯುತ್ತಾಳೆ. ಥೆಸಲೊನೀಕಿಯ ರಿಂಗ್ ರೋಡಿನಲ್ಲಿ ಕೆಟ್ಟು ನಿಂತ ಗಾಡಿಗಳ ಹಿಂದೆ ಕೋನ್ ಇಟ್ಟು, ಬರುವ ವಾಹನಗಳನ್ನು ಪಕ್ಕಕ್ಕೆ ಕಳಿಸುವ ಗಸ್ತು ವ್ಯಾನಿನ ಕೆಲಸ ಅವಳದು. ನನ್ನದೂ ಅದೇ. ಕೋನ್ ಇಟ್ಟು ವಾಪಸ್ ಬರುವಾಗ ಅವಳು ಮುಖವನ್ನು ಬರುವ ಗಾಡಿಗಳ ಕಡೆಗೇ ಇಟ್ಟುಕೊಂಡು ಕಾಲನ್ನು ಮಾತ್ರ ಹಿಂದಕ್ಕೆ ಹಾಕುತ್ತಾಳೆ. ಹದಿಮೂರು ವರ್ಷದ ಈ ಅಭ್ಯಾಸ ಮೈಗೆ ಎಷ್ಟು ಹತ್ತಿದೆಯೆಂದರೆ ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ಬಾಗಿಲಿಗೆ ಬೆನ್ನು ಮಾಡುವುದಿಲ್ಲ. ಚರ್ಚಿನಲ್ಲೂ ಕಂಬಕ್ಕೆ ಒರಗಿ ಅಡ್ಡಲಾಗಿ ನಿಲ್ಲುತ್ತಾಳೆ, ಒಂದು ಕಣ್ಣು ದೇವರ ಕಡೆ, ಇನ್ನೊಂದು ಬಾಗಿಲ ಕಡೆ.

ಮೂವತ್ತೆಂಟನೇ ವಯಸ್ಸಿನವರೆಗೆ ಅವಳು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂಡಿಸುತ್ತಿದ್ದಳು. ಕಾರ್ಖಾನೆ ಒಂದು ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಗಡಿಯಾಚೆ ಬಲ್ಗೇರಿಯಾಕ್ಕೆ ಹೋಯಿತು. ಇನ್ನೂರು ಹೆಂಗಸರು ಬೀದಿಗೆ ಬಿದ್ದರು. ಉಳಿದವರು ಅತ್ತರು, ಇವಳು ಗಸ್ತಿನ ಕೆಲಸಕ್ಕೆ ಅರ್ಜಿ ಹಾಕಿದಳು. ಬೀದಿಗೆ ಬಿದ್ದ ಮೇಲೆ ದೊಡ್ಡ ಬೀದಿಗೇ ಬೀಳೋಣ ಅಂದಳಂತೆ ಗಂಡನಿಗೆ. ಮೊದಮೊದಲು ಗಂಡಸರು ಕಾರಿನ ಗಾಜು ಇಳಿಸಿ ಕೂಗುತ್ತಿದ್ದರು. ಅಂಥವನೊಬ್ಬನನ್ನು ನಾನೇ ಕಂಡಿದ್ದೇನೆ.

“ಮನೆಗೆ ಹೋಗಿ ಪಾತ್ರೆ ತೊಳಿಯಮ್ಮ!” ಅಂದ ಅವನು.

“ತೊಳ್ದೇ ಬಂದಿದೀನಪ್ಪ. ನಿನ್ನನ್ನ ತೊಳೆಯೋದೊಂದು ಬಾಕಿ. ಇಳೀತೀಯಾ?” ಅಂದಳು ಸುಮೇಲಾ. ಅವನು ಗಾಜು ಏರಿಸಿಕೊಂಡು ಹೋದ.

ನಾನು ಪ್ರೊದ್ರೊಮೊಸ್. ಅವಳ ಜೊತೆ ಒಂದೇ ವ್ಯಾನಿನಲ್ಲಿ ಒಂಬತ್ತು ವರ್ಷ ಕೂತಿದ್ದೇನೆ. ಹೆಂಡತಿಯ ಜೊತೆ ಅಷ್ಟು ವರ್ಷ ಕೂರಲಾಗಲಿಲ್ಲ ನನಗೆ. ನಮ್ಮಿಬ್ಬರಿಗೂ ಒಂದೇ ವಿಷಯಕ್ಕೆ ಜಗಳ: ದೇವರು. ನಮ್ಮ ತಾತ ಕಮ್ಯುನಿಸ್ಟ್, ಪಾದ್ರಿ ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದವನು. ನಾನೂ ಅದೇ ಬಳ್ಳಿಯ ಕಾಯಿ. ಸುಮೇಲಾ ಈಸ್ಟರಿಗೆ ಮುಂಚಿನ ನಲವತ್ತೆಂಟು ದಿನ ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟುವುದಿಲ್ಲ. ಶುಭ ಶುಕ್ರವಾರ ಎಣ್ಣೆಯನ್ನೂ ಬಿಟ್ಟು, ಬೇಯಿಸಿದ ಬೇಳೆಗೆ ವಿನೆಗರ್ ಸುರಿದುಕೊಂಡು ತಿನ್ನುತ್ತಾಳೆ. ಅವತ್ತೇ ನಾನು ಬೇಕೆಂದು ವ್ಯಾನಿನೊಳಗೆ ಕಡ್ಡಿಗೆ ಚುಚ್ಚಿ ಸುಟ್ಟ ಹಂದಿಮಾಂಸ ತಂದು ತಿನ್ನುತ್ತೇನೆ.

“ಒಂದು ತುಂಡು ತಗೋ ಸುಮೇಲಾ, ದೇವರು ಆ ಕಡೆ ತಿರುಗಿದಾನೆ.”

“ತಿನ್ನು, ತಿನ್ನು. ಮೇಲೆ ಹೋದಾಗ ನಿನ್ನನ್ನೇ ಸಲಾಕೆಗೆ ಚುಚ್ತಾರೆ. ಕೊಬ್ಬು ಚೆನ್ನಾಗಿದೆ, ಬೇಗ ಬೇಯ್ತೀಯ.”

ಇಷ್ಟು ಹೇಳಿದ್ದು ಯಾಕೆಂದರೆ, ಹೋದ ವರ್ಷದ ಈಸ್ಟರ್ ಭಾನುವಾರ ಆದದ್ದನ್ನು ಇದು ತಿಳಿಯದೆ ಕೇಳಿದರೆ ಸುಮೇಲಾ ಕಲ್ಲೆದೆಯವಳು ಅನ್ನಿಸುತ್ತದೆ. ಹಾಗೆ ಅಂದವರ ಜೊತೆ ನಾನು ಕೈ ಕೈ ಮಿಲಾಯಿಸಿದ್ದೂ ಇದೆ.

ಅವತ್ತು ಬೆಳಿಗ್ಗೆ ಆರರ ಪಾಳಿ ನಮ್ಮದು. ಮಕ್ಕಳಿರುವವರಿಗೆಲ್ಲ ರಜ ಬೇಕು, ಮಕ್ಕಳಿಲ್ಲದ ನಾವಿಬ್ಬರು ಸಿಕ್ಕಿಬಿದ್ದೆವು. ಒಂಬತ್ತು ಗಂಟೆಗೆಲ್ಲ ರಸ್ತೆ ತುಂಬಿತು. ಅರ್ಧ ಊರು ಕುರಿಮರಿ ಸುಡಲು ಹಳ್ಳಿಗೆ ಹೊರಟಿರುತ್ತದೆ, ಉಳಿದರ್ಧ ಊರು ಅತ್ತೆಮನೆಗೆ. ಹತ್ತಕ್ಕೆ ರೇಡಿಯೋದಲ್ಲಿ ಕರೆ ಬಂತು: ಸಿಕಿಯೆಸ್ ದಾಟಿ ಪೈನ್ ಕಾಡು ಶುರುವಾಗುವಲ್ಲಿ, ಪೂರ್ವಕ್ಕೆ ಹೋಗುವ ಬದಿಯ ಎಡ ಲೇನಿನಲ್ಲಿ, ಒಂದು ಕಾರಿಗೆ ಪಿಕಪ್ ಗುದ್ದಿದೆ.

ನಾವು ತಲುಪುವಷ್ಟರಲ್ಲಿ ವಾಹನಗಳು ಹಿಂದಕ್ಕೆ ಕಣ್ಣು ಹಾಯುವವರೆಗೆ ನಿಂತಿದ್ದವು. ತುರ್ತು ಲೇನನ್ನೂ ಬಿಟ್ಟಿರಲಿಲ್ಲ ನಮ್ಮವರು. ಅದು ಆಂಬುಲೆನ್ಸಿಗೆ, ಅಗ್ನಿಶಾಮಕದವರಿಗೆ ಅಂತ ಪ್ರತಿಯೊಬ್ಬನಿಗೂ ಗೊತ್ತು. ತಾನೊಬ್ಬ ನುಗ್ಗಿದರೆ ಏನಾಗುತ್ತದೆ ಎಂಬುದೂ ಪ್ರತಿಯೊಬ್ಬನ ಪ್ರಶ್ನೆ. ಸುಮೇಲಾ ಬೈಯುತ್ತಾ ವ್ಯಾನು ಅಡ್ಡ ನಿಲ್ಲಿಸಿದಳು.

“ನಾನು ಕೋನ್ ಹಾಕ್ಕೊಂಡು ಬರ್ತೀನಿ. ನೀನು ಹೋಗಿ ಒಳಗಿರೋರನ್ನ ಇಳಿಸು,” ಅಂದಳು.

ಹಳೆಯ ಬಿಳಿ ಕಾರು. ಹಿಂದಿನಿಂದ ಬಿದ್ದ ಏಟಿಗೆ ಎಡಕ್ಕೆ ಎಳೆದುಕೊಂಡು ಹೋಗಿ ನಡುವಿನ ಕಾಂಕ್ರೀಟ್ ಗೋಡೆಗೆ ಒರಗಿತ್ತು. ನಮ್ಮಲ್ಲಿ ಡ್ರೈವರ್ ಕೂರುವುದು ಎಡಗಡೆ, ಆ ಬಾಗಿಲು ಗೋಡೆಗೆ ಅಂಟಿತ್ತು, ಅಂದರೆ ಇಳಿಯುವುದಾದರೆ ಬಲಗಡೆಯಿಂದಲೇ ಇಳಿಯಬೇಕು. ಡಿಕ್ಕಿ ಒಳಕ್ಕೆ ಮಡಿಸಿಕೊಂಡಿತ್ತು. ಗುದ್ದಿದ ಪಿಕಪ್ಪಿನಲ್ಲಿ ಸಲಾಕೆಗೆ ಕಟ್ಟಿದ ಇಡೀ ಕುರಿಮರಿ ಮುಂದಕ್ಕೆ ಜಾರಿ ಚಾಲಕನ ಬೆನ್ನ ಹಿಂದಿನ ಗಾಜಿಗೆ ಮೂತಿ ಒತ್ತಿಕೊಂಡಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆದರೆ ಕಾರಿನ ಹತ್ತಿರ ಹೋಗುತ್ತಿದ್ದ ಹಾಗೆ ಮೂಗಿಗೆ ವಾಸನೆ ಬಡಿಯಿತು, ಕೊಳೆತ ಬೆಳ್ಳುಳ್ಳಿಯ ಹಾಗೆ. ಗ್ಯಾಸ್.

ಬಲಗಡೆಯ ಕಿಟಕಿಯ ಗಾಜು ಅರ್ಧ ಇಳಿದಿತ್ತು. ಬಗ್ಗಿ ನೋಡಿದೆ. ಸ್ಟಿಯರಿಂಗಿನ ಹಿಂದೆ ಎಪ್ಪತ್ತೈದು ದಾಟಿದ ಮುದುಕಿ, ಕಪ್ಪು ಕೋಟು, ಎಡ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡಿದ್ದಳು.

“ಅಜ್ಜಿ, ಏಟಾಯ್ತಾ?”

“ಕೈಗೆ ಒಂದು ಚೂರು. ಅದಿರ್ಲಿ, ಆರಿದೆಯಾ ನೋಡಪ್ಪ.”

“ಏನು?”

“ದೀಪ ಕಣೋ!”

ಆಗ ನೋಡಿದೆ. ನನ್ನ ಮೂಗಿನಿಂದ ಒಂದು ಗೇಣು ಕೆಳಗೆ, ಪಕ್ಕದ ಸೀಟಿನಲ್ಲಿ, ಗಾಜಿನ ಕಂದೀಲು. ಅದಕ್ಕೆ ಸೀಟ್ ಬೆಲ್ಟ್ ಬಿಗಿದಿತ್ತು. ಒಳಗೆ ಹಳದಿ ಜ್ವಾಲೆ ನೆಟ್ಟಗೆ, ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು.

ಅದು ಏನೆಂದು ಕೇಳುವ ಅಗತ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಶನಿವಾರ ನಡುರಾತ್ರಿ ಚರ್ಚಿನ ದೀಪವೆಲ್ಲ ಆರಿಸಿ, ಕತ್ತಲಲ್ಲಿ ಪಾದ್ರಿ ಒಂದೇ ಜ್ವಾಲೆ ಹಿಡಿದು ಹೊರಬರುತ್ತಾನೆ. ಅದರಿಂದ ಒಬ್ಬರು ಇನ್ನೊಬ್ಬರಿಗೆ ಹಚ್ಚಿ ಮನೆಗೆ ಒಯ್ಯುತ್ತಾರೆ. ದಾರಿಯಲ್ಲಿ ಆರಬಾರದು. ಮನೆಯ ಬಾಗಿಲ ಮೇಲೆ ಅದರ ಹೊಗೆಯಿಂದ ಶಿಲುಬೆ ಬರೆದರೆ ವರ್ಷವಿಡೀ ಆ ಮನೆಗೆ ಕಾವಲು. ಮುದುಕಿಯ ಹೆಸರು ಎವ್ಲಾಂಬಿಯಾ. ಊರಿನ ಪಶ್ಚಿಮದ ತುದಿಯಲ್ಲಿ ಅವಳ ಮನೆ, ಪೂರ್ವದ ತುದಿ ಕಲಮಾರಿಯಾದಲ್ಲಿ ಹಾಸಿಗೆ ಹಿಡಿದ ತಂಗಿ ಸ್ಮಾರೊ. ಕಣ್ಣಿನ ಡಾಕ್ಟರು ರಾತ್ರಿ ಕಾರು ಓಡಿಸಬೇಡ ಅಂದಿದ್ದರಿಂದ ಬೆಳಕನ್ನು ರಾತ್ರಿಯಿಡೀ ಕಾಯ್ದು, ಬೆಳಿಗ್ಗೆ ಹೊರಟಿದ್ದಳು. ಇದನ್ನೆಲ್ಲ ಅವಳು ಹೇಳಿದ್ದು ಒಂದೇ ಉಸಿರಿಗೆ. ನನಗೆ ಕೇಳಿಸುತ್ತಿದ್ದದ್ದು ಡಿಕ್ಕಿಯಿಂದ ಬರುತ್ತಿದ್ದ ಸುಸ್ಸೆಂಬ ಸದ್ದು ಮಾತ್ರ.

“ಅಜ್ಜಿ, ಡಿಕ್ಕೀಲಿ ಗ್ಯಾಸ್ ಟ್ಯಾಂಕ್ ಇದೆಯಾ?”

“ಇದೆ. ನಮ್ಮೆಜಮಾನ್ರು ಹಾಕ್ಸಿದ್ದು, ಟ್ಯಾಕ್ಸಿ ಓಡಿಸ್ತಿದ್ರು. ಪೆಟ್ರೋಲಿಗಿಂತ ಅಗ್ಗ ಅಲ್ವಾ.”

“ಅದು ಸೋರ್ತಿದೆ.”

“ಹೌದಾ? ಹಂಗಾದ್ರೆ ಸ್ಟಾರ್ಟ್ ಮಾಡಿ ಬೇಗ ಹೋಗ್ಬಿಡ್ತೀನಿ.”

“ಕೀ ಮುಟ್ಬೇಡಿ!” ಎಂದು ನಾನು ಕಿರುಚಿದ್ದು ಆಚೆ ಬದಿಯ ಲೇನಿಗೂ ಕೇಳಿಸಿರಬೇಕು.

ಅವಳು ಕೈ ತೆಗೆದಳು. ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಕಾರಿನ ತಳದಲ್ಲಿ, ಅವಳ ಪಾದದ ಸುತ್ತ, ಕಣ್ಣಿಗೆ ಕಾಣದ ನೀರಿನ ಹಾಗೆ ಏರುತ್ತಿತ್ತು. ಸೀಟಿನ ಮಟ್ಟಕ್ಕೆ ಎಷ್ಟು ಹೊತ್ತಿಗೆ ಬರುತ್ತದೋ ಹೇಳುವವರಾರು? ಅವಳನ್ನು ಹೊರಗೆ ತರಬೇಕಾದರೆ ಆ ಸೀಟಿನ ಮೇಲಿನಿಂದಲೇ ಎಳೆಯಬೇಕು. ಕಂದೀಲನ್ನು ಮೊದಲು ಏನಾದರೂ ಮಾಡಲೇಬೇಕು.

“ಕಂದೀಲು ನನ್ನ ಕೈಗೆ ಕೊಡಿ ಅಜ್ಜಿ. ದೂರ ಇಟ್ಟು ಬರ್ತೀನಿ.”

ಬೆಲ್ಟಿನ ಬಕಲ್ ಮೇಲೆ ಅವಳು ಬಲಗೈ ಮುಚ್ಚಿದಳು. “ನಿನ್ನ ಕೈ ನೋಡ್ಕೋ ಮೊದ್ಲು. ಗಡಗಡ ನಡುಗ್ತಿದೆ. ಬೀಳಿಸ್ತೀಯ.”

ಅವಳು ಹೇಳಿದ್ದು ನಿಜ. ನಡುಗುತ್ತಿತ್ತು. ಬಿದ್ದರೆ ಗ್ಯಾಸ್ ತುಂಬಿದ ತಳಕ್ಕೇ ಬೀಳುತ್ತಿತ್ತು.

“ಬೆಲ್ಟ್ ನೀವು ಹಾಕ್ಕೊಳ್ಳೋದು ಬಿಟ್ಟು ದೀಪಕ್ಕೆ ಹಾಕಿದೀರಲ್ಲ!”

“ನಾನು ಬಿದ್ರೆ ಏಳ್ತೀನಿ. ಅದು ಬಿದ್ರೆ ಏಳಲ್ಲ.”

ಅಷ್ಟರಲ್ಲಿ ಏಳೆಂಟು ಗಂಡಸರು ಸೇರಿದರು. ದೂರ ಹೋಗಿ ಅಂದರೆ ಕೇಳುವ ಜಾತಿಯಲ್ಲ. ಪಿಕಪ್ಪಿನವನು ಹೆದರಿ ಬಿಳಿಚಿಕೊಂಡಿದ್ದ, ಬಾಯಿಗೆ ಸಿಗರೇಟು ಇಟ್ಟು ಲೈಟರ್ ತೆಗೆದ. ನಾನು ಗದರಿದ್ದೇ ತಡ, ಸಿಗರೇಟನ್ನು ಎರಡು ತುಂಡು ಮಾಡಿ ಎಸೆದು, ಲೈಟರನ್ನು ಕಾಡಿನ ಕಡೆಗೆ ಬೀಸಿದ. ನೋಡಿ, ಹತ್ತಿಸದ ಸಿಗರೇಟಿಗೆ ಇಷ್ಟು ಬುದ್ಧಿ. ಹತ್ತಿ ಉರಿಯುತ್ತಿದ್ದ ದೀಪ ಕಣ್ಣ ಮುಂದಿದ್ದಾಗ ಅದೇ ಮನುಷ್ಯ ಎದೆಯ ಮೇಲೆ ಶಿಲುಬೆ ಬರೆದುಕೊಂಡ. ಅವನನ್ನು ನೋಡಿ ಉಳಿದವರೂ ಬರೆದುಕೊಂಡರು. ಆಮೇಲೆ ಶುರುವಾಯಿತು ಸಲಹೆ.

“ಎತ್ತರಕ್ಕೆ ಹಿಡೀಲಿ. ಗ್ಯಾಸ್ ಕೆಳಗೇ ಇರತ್ತೆ.”

“ಒದ್ದೆ ಬಟ್ಟೆ ಸುತ್ತಿ ತಗೊಂಡ್ರೆ?”

“ಹಿಂದಿನ ಕಾರಿಂದ ಒಂದು ಮೊಂಬತ್ತಿ ತರ್ತೀನಿ. ಇದ್ರಿಂದ ಅದಕ್ಕೆ ಹಚ್ಕೊಂಡು ದೂರ ಇಡೋಣ. ಆಮೇಲೆ ಇದನ್ನ…”

ಇದನ್ನ ಏನು ಎಂದು ಅವನು ಹೇಳಲಿಲ್ಲ. ಗ್ಯಾಸಿನ ಪಕ್ಕ ಇನ್ನೊಂದು ಬೆಂಕಿ ಹಚ್ಚುವ ಉಪಾಯ ಹೇಳುವಷ್ಟು ಧೈರ್ಯವಿತ್ತು ಅವನಿಗೆ, ಆರಿಸು ಅನ್ನುವ ಒಂದು ಮಾತಿಗೆ ನಾಲಿಗೆ ಏಳಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಎಲ್ಲರಿಗಿಂತ ಹತ್ತಿರ ನಿಂತವನು ನಾನು. ಒಂದು ಉಸಿರು ಸಾಕಿತ್ತು. ಕಂದೀಲಿನ ಪುಟ್ಟ ಬಾಗಿಲು ತೆಗೆದು ಫೂ ಅಂದರೆ ಮುಗಿಯುತ್ತಿತ್ತು. ಕಮ್ಯುನಿಸ್ಟಿನ ಮೊಮ್ಮಗ, ಶುಭ ಶುಕ್ರವಾರ ಹಂದಿ ತಿನ್ನುವವನು, ದೇವರಿಲ್ಲ ಎಂದು ವ್ಯಾನಿನಲ್ಲಿ ಒಂಬತ್ತು ವರ್ಷ ಭಾಷಣ ಹೊಡೆದವನು, ತುಟಿಯನ್ನು ಒಂದು ಮಾಡಲಾರದೆ ನಿಂತಿದ್ದೆ. ಊದಿದರೆ ನನ್ನ ಮೇಲೆ ಏನೋ ಬೀಳುತ್ತದೆ, ಊದದಿದ್ದರೆ ನಾವೆಲ್ಲ ಸುಟ್ಟು ಹೋಗುತ್ತೇವೆ, ಎರಡೂ ಗೊತ್ತಿತ್ತು. ಸುಡುವುದೇ ಮೇಲು ಅನ್ನಿಸಿದ ಹಾಗಿತ್ತು ನನ್ನ ನಿಲುವು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ದೂರದಲ್ಲಿ ಅಗ್ನಿಶಾಮಕ ಗಾಡಿಯ ಸೈರನ್ ಕೇಳಿಸಿತು. ಒಂದೇ ಕಡೆಯಿಂದ, ಒಂದೇ ದೂರದಿಂದ ಕೂಗುತ್ತಿತ್ತು. ತುರ್ತು ಲೇನಿನಲ್ಲಿ ಸಿಕ್ಕಿಹಾಕಿಕೊಂಡಿತ್ತು ಅಂತ ಹೇಳಬೇಕಿಲ್ಲ.

ಆಗ ಸುಮೇಲಾ ಬಂದಳು. ಎಂದಿನಂತೆ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬರುತ್ತಿದ್ದವಳು ಹತ್ತು ಮಾರು ದೂರದಲ್ಲಿ ಗಕ್ಕನೆ ನಿಂತು ಗಾಳಿ ಮೂಸಿದಳು. ಗರಕ್ಕನೆ ತಿರುಗಿ, ಇಡೀ ರಸ್ತೆಗೆ ಬೆನ್ನು ಹಾಕಿ ಓಡಿ ಬಂದಳು. ಕಾರಿನೊಳಗೆ ಒಮ್ಮೆ, ನಮ್ಮ ಮುಖಗಳನ್ನು ಒಮ್ಮೆ ನೋಡಿದಳು.

“ಎಷ್ಟು ಹೊತ್ತಾಯ್ತು?”

“ನಾಲ್ಕು ನಿಮಿಷ,” ಅಂದೆ.

“ನಾಲ್ಕು ನಿಮಿಷ ಇಷ್ಟು ಜನ ಗಂಡಸರು ಏನ್ ಕಡೀತಿದ್ರಿ?”

ಅವಳು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಮೂರು ಸಲ ಶಿಲುಬೆ ಬರೆದುಕೊಂಡು ಕಿಟಕಿಯೊಳಗೆ ತಲೆ ಹಾಕಿದಳು. ಎವ್ಲಾಂಬಿಯಾಗೆ ಅರ್ಥವಾಗಿಬಿಟ್ಟಿತು.

“ಬೇಡ ಮಗಳೇ. ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ನನ್ನ ತಂಗಿ ಬಾಗಿಲು ನೋಡ್ಕೊಂಡು ಮಲಗಿದಾಳೆ. ಮುಂದಿನ ವರ್ಷಕ್ಕೆ ಅವಳಿರಲ್ಲ. ಬೇಕಾದ್ರೆ ನನ್ನನ್ನ ಇಲ್ಲೇ ಬಿಟ್ಬಿಡಿ.”

ಸುಮೇಲಾ ಕಂದೀಲಿನ ಬಾಗಿಲು ತೆರೆದು ಊದಿದಳು.

ಒಂದು ಎಳೆ ಬಿಳಿ ಹೊಗೆ ಎದ್ದಿತು. ಅಷ್ಟು ವಾಹನಗಳ ಗದ್ದಲದಲ್ಲೂ ಮುದುಕಿ ಎಳೆದುಕೊಂಡ ಉಸಿರು ನನಗೆ ಕೇಳಿಸಿತು. ಆಮೇಲೆ ಎಲ್ಲ ಸರಸರ ಆಯಿತು. ಸುಮೇಲಾ ಬೆಲ್ಟ್ ಬಿಚ್ಚಿ, ಬಾಗಿಲು ತೆರೆದು, ಬತ್ತಿ ಸತ್ತ ಕಂದೀಲನ್ನು ನನ್ನ ಕೈಗೆ ತುರುಕಿ, ಮುದುಕಿಯ ಕಂಕುಳಿಗೆ ಕೈ ಹಾಕಿ ಎಳೆದಳು. ಪಿಕಪ್ಪಿನವನು ಕಾಲು ಹಿಡಿದ. ನೂರು ಹೆಜ್ಜೆ ದೂರ ಹೊತ್ತೊಯ್ದು ಗೋಡೆಯ ಬದಿಗೆ ಕೂರಿಸಿದೆವು. ಉಳಿದವರಿಗೆ ಆಗ ಕಾಲಿಗೆ ಬುದ್ಧಿ ಹೇಳುವುದು ನೆನಪಾಯಿತು.

ಎವ್ಲಾಂಬಿಯಾ ಅಳಲಿಲ್ಲ. ಸುಮೇಲಾಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: “ನನ್ನ ತಂಗಿ ಕತ್ತಲಲ್ಲಿ ಹೋಗ್ತಾಳೆ. ನಿನ್ನ ಉಸಿರಿಂದ. ನೆನಪಿಟ್ಕೋ.”

ಸುಮೇಲಾ ತಲೆಯಾಡಿಸಿದಳು, ವಿಳಾಸ ಬರೆದುಕೊಳ್ಳುವವಳ ಹಾಗೆ.

ಅಗ್ನಿಶಾಮಕದವರು ಬಂದದ್ದು ಇನ್ನೂ ಆರು ನಿಮಿಷದ ಮೇಲೆ. ಡಿಕ್ಕಿ ಸೀಳಿ ವಾಲ್ವ್ ಮುಚ್ಚಿದರು, ನೀರು ಹೊಡೆದರು, ಮರಳು ಚೆಲ್ಲಿದರು. ಏನೂ ಹತ್ತಿಕೊಳ್ಳಲಿಲ್ಲ, ಏನೂ ಸಿಡಿಯಲಿಲ್ಲ. ಸುಮೇಲಾ ಅವರ ಮುಖ್ಯಸ್ಥನ ಹಿಂದೆಯೇ ಸುತ್ತುತ್ತಿದ್ದಳು.

“ಆರಿಸದೇ ಇದ್ದಿದ್ರೆ ಏನಾಗ್ತಿತ್ತು?”

ಆತ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. “ಸಣ್ಣ ಸೋರಿಕೆ. ಕಿಟಕಿ ಬೇರೆ ತೆಗೆದಿತ್ತು, ಗಾಳೀನೂ ಇತ್ತು. ಹತ್ಕೊಂತಿತ್ತೋ ಇಲ್ವೋ, ಹೇಳಕ್ಕಾಗಲ್ಲ ಕಣಮ್ಮ.”

ಹತ್ತಿಕೊಳ್ಳುತ್ತಿತ್ತು ಅಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಇಲ್ಲ ಅಂದಿದ್ದರೂ ಒಂದಷ್ಟು ಅತ್ತು ಮುಗಿಸುತ್ತಿದ್ದಳು. ಆ ‘ಹೇಳಕ್ಕಾಗಲ್ಲ’ ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತು. ಎವ್ಲಾಂಬಿಯಾ ಆಸ್ಪತ್ರೆ ಬೇಡವೆಂದು ಹಟ ಹಿಡಿದು, ಆಂಬುಲೆನ್ಸಿನ ಹುಡುಗಿ ಕಟ್ಟಿದ ಪಟ್ಟಿಯ ಸಮೇತ ಟ್ಯಾಕ್ಸಿ ಹತ್ತಿ ತಂಗಿಯ ಮನೆಗೆ ಹೋದಳು. ಹೋಗುವಾಗ ನನ್ನ ಕೈಯಿಂದ ಕಂದೀಲು ತೆಗೆದುಕೊಳ್ಳಲಿಲ್ಲ, ಆ ಕಡೆ ನೋಡಲೂ ಇಲ್ಲ.

ಪಾಳಿ ಮುಗಿದ ಮೇಲೆ ವರದಿ ಬರೆಯಲು ಕೂತಳು ಸುಮೇಲಾ. ಎಂದೂ ಐದು ನಿಮಿಷದಲ್ಲಿ ಬರೆದೆಸೆಯುವವಳು ಅವತ್ತು ಅಪಾಯದ ಮೂಲ ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ಕೂತೇ ಇದ್ದಳು.

“ಬೆಂಕಿ ಅಂತ ಬರಿ,” ಅಂದೆ.

“ಅದು ಬೆಂಕಿ ಅಲ್ಲ.”

“ಪಾದ್ರಿ ಹತ್ರ ಹೋಗಿ ಹೇಳ್ಕೋ. ಕ್ಷಮಿಸ್ತಾರೆ.”

“ಕ್ಷಮಿಸ್ತಾರೆ ಕಣೋ, ಅದು ನಂಗೂ ಗೊತ್ತು. ಪಾದ್ರಿ ಆ ಮುದುಕಿ ತಂಗಿ ಅಲ್ವಲ್ಲ.” ಪೆನ್ನು ಕೆಳಗಿಟ್ಟು ಎದ್ದಳು. “ಕಂದೀಲು ತಗೋ. ಬಾ.”

ಪೊಲಿಹ್ನಿಯಲ್ಲಿ ಅವಳ ಮನೆ. ಅಂಗಳದಲ್ಲಿ ಗಂಡ ಅನೆಸ್ತಿಸ್ ಕುರಿಮರಿ ತಿರುಗಿಸುತ್ತಿದ್ದ, ಅಕ್ಕಪಕ್ಕದವರು ವೈನ್ ಹಿಡಿದು ಕೂಗಿ ಕರೆದರು. ಅವಳು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಅವಳ ಮನೆಯಲ್ಲೂ ದೇವರ ಮುಂದೆ ಹಿಂದಿನ ರಾತ್ರಿ ಚರ್ಚಿನಿಂದ ತಂದ ಬೆಳಕು ಉರಿಯುತ್ತಿತ್ತು. ಅದರಿಂದ ಎವ್ಲಾಂಬಿಯಾಳ ಕಂದೀಲು ಹಚ್ಚಿಕೊಂಡು ಬಂದು ನೇರ ಕಾರಿನ ಬಾಗಿಲು ತೆಗೆದಳು.

ನಾನು ಬೈಕಿನವನು. ಇದ್ದದ್ದು ಅನೆಸ್ತಿಸನ ಕಾರೊಂದೇ.

“ಸುಮೇಲಾ, ಇದೂ ಗ್ಯಾಸ್ ಗಾಡಿ ಅಲ್ವಾ?”

“ಹೌದು.”

“ಸೀಟಿನ ಹಿಂದೆ ಟ್ಯಾಂಕ್. ಕೈಯಲ್ಲಿ ದೀಪ. ನಿಂಗೆ ಬುದ್ಧಿ ಇದೆಯಾ?”

“ಇಲ್ಲ. ನೀನು ಬರ್ತೀಯೋ, ದೀಪಕ್ಕೆ ಬೆಲ್ಟ್ ಹಾಕ್ಲೋ?”

ಹತ್ತಿದೆ. ಬೆಳಿಗ್ಗೆ ಊದಲಾರದೆ ನಿಂತವನಿಗೆ ಹತ್ತುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಊರೊಳಗಿಂದ ಹೋಗೋಣ ಅಂದೆ. ಊರೊಳಗೆ ನಲವತ್ತು ಸಿಗ್ನಲ್, ನಲವತ್ತು ಸಲ ಬ್ರೇಕ್, ಒಂದಲ್ಲ ಒಂದರಲ್ಲಿ ಆರುತ್ತದೆ ಅಂದಳು. ಹಾಗಾಗಿ ಅದೇ ರಿಂಗ್ ರೋಡು. ಗಾಳಿ ಬರಬಾರದೆಂದು ಕಿಟಕಿ ಪೂರ್ತಿ ಏರಿಸಿದ್ದಳು. ಮೊಣಕಾಲ ನಡುವೆ ಕಂದೀಲು ಇಟ್ಟುಕೊಂಡು ನಾನು ಮೂಗರಳಿಸಿ ಮೂಸುತ್ತಾ ಕೂತಿದ್ದೆ. ಒಂದು ಸಲ ಬೆಳ್ಳುಳ್ಳಿಯ ವಾಸನೆ ಬಂದೇ ಬಿಟ್ಟಿತು, ಜೀವ ಬಾಯಿಗೆ ಬಂತು. ನೋಡಿದರೆ ಅನೆಸ್ತಿಸ್ ಹಿಂದಿನ ಸೀಟಿನಲ್ಲಿ ಮರೆತ ತರಕಾರಿ ಚೀಲ.

ಬಲ ಲೇನಿನಲ್ಲಿ ಐವತ್ತರ ವೇಗ. ಹಿಂದೊಂದು ಲಾರಿ ಬಂದು ನಮ್ಮ ಡಿಕ್ಕಿಗೆ ಮುತ್ತಿಡುವಷ್ಟು ಹತ್ತಿರ ಅಂಟಿಕೊಂಡು ಹಾರ್ನ್ ಹೊಡೆಯತೊಡಗಿತು. ಟ್ಯಾಂಕ್ ಇರುವುದೇ ಅಲ್ಲಿ. ಸುಮೇಲಾ ಕನ್ನಡಿ ನೋಡುತ್ತಾಳೆ, ವೇಗ ಏರಿಸುವುದಿಲ್ಲ. ಅವಳ ಕೆನ್ನೆಯ ನರ ಎದ್ದು ಕಾಣುತ್ತಿತ್ತು. ಬೆಳಗಿನ ಮರಳು ಇನ್ನೂ ಬಿದ್ದಿದ್ದ ಜಾಗ ದಾಟುವಾಗ ಲಾರಿ ಎಡಕ್ಕೆ ಸಿಡಿದು, ನಮ್ಮನ್ನು ಬೈಯುತ್ತಾ ಮುಂದೆ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ಕಾರು ಅಲುಗಾಡಿತು. ಕಂದೀಲಿನೊಳಗೆ ಜ್ವಾಲೆ ಬಗ್ಗಿ, ಬತ್ತಿಗೆ ಅಂಟಿ, ನೀಲಿ ಚುಕ್ಕೆಯಾಯಿತು.

“ಹೋಯ್ತು!” ಅಂದೆ.

“ಉಸಿರು ಬಿಡ್ಬೇಡ!”

ಬಿಡಲಿಲ್ಲ. ಎರಡೂ ಕೈಯಿಂದ ಕಂದೀಲನ್ನು ಅಪ್ಪಿ ನಿಶ್ಚಲವಾಗಿ ಹಿಡಿದೆ. ನನ್ನ ಜೇಬಿನಲ್ಲಿ ಲೈಟರ್ ಇತ್ತು. ಆರಿದರೆ ಮತ್ತೆ ಹಚ್ಚಿ ಸುಮ್ಮನಿದ್ದರಾಯಿತು, ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಲೈಟರ್ ಮುಟ್ಟಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ.”

ನೀಲಿ ಚುಕ್ಕೆ ಒಂದು ಕ್ಷಣ ಯೋಚಿಸಿ ಮತ್ತೆ ಹಳದಿಯಾಗಿ ಎದ್ದಿತು. ಕಲಮಾರಿಯಾದ ಇಳಿಜಾರು ಬರುವವರೆಗೆ ನಾನು ಕಂದೀಲನ್ನು ಅಪ್ಪಿಕೊಂಡೇ ಕೂತಿದ್ದೆ.

ಟ್ಯಾಕ್ಸಿಯವನಿಗೆ ಮುದುಕಿ ಹೇಳಿದ್ದ ವಿಳಾಸ, ಮೂರನೇ ಮಹಡಿ. ಬಾಗಿಲು ತೆಗೆದದ್ದು ಎವ್ಲಾಂಬಿಯಾ, ಎಡಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಸುಮೇಲಾಳನ್ನು ಕಂಡು ಬಾಗಿಲನ್ನು ಅರ್ಧ ಮುಚ್ಚಿದಳು.

“ಕ್ರಿಸ್ತ ಎದ್ದಿದಾನೆ,” ಅಂದಳು ಸುಮೇಲಾ. ಅವತ್ತು ಯಾರನ್ನು ಕಂಡರೂ ಮೊದಲು ಆಡುವ ಮಾತು. ಅದಕ್ಕೆ ಉತ್ತರ ಕೊಡದೆ ಇರುವಂತಿಲ್ಲ, ಶತ್ರುವಾದರೂ ಸರಿ. ಮುದುಕಿ ಬಾಗಿಲ ಹಿಡಿ ಬಿಡದೆ ಬಹಳ ಹೊತ್ತು ನಿಂತಳು.

“ನಿಜವಾಗಿ ಎದ್ದಿದಾನೆ,” ಅಂದಳು ಕೊನೆಗೆ, ಹಲ್ಲು ಕಚ್ಚಿಕೊಂಡು. ಆಮೇಲೆ ನನ್ನ ಕೈಯ ಕಂದೀಲು ಕಂಡಿತು. “ಎಲ್ಲಿಂದ ತಂದೆ?”

“ನಮ್ಮನೆಯಿಂದ. ನಮ್ಮ ಚರ್ಚಿಂದು.”

“ಹೇಗೆ ತಂದೆ?”

“ಕಾರಲ್ಲಿ.”

“ಗ್ಯಾಸ್ ಕಾರಾ?”

“ಹೂಂ ಅಜ್ಜಿ.”

“ಮುಠ್ಠಾಳಿ!” ಮುದುಕಿ ಸಿಡಿದಳು. “ಹತ್ಕೊಂಡಿದ್ರೆ ಏನೇ ಗತಿ? ಪಕ್ಕದಲ್ಲಿ ಈ ದಡ್ಡನ್ನ ಬೇರೆ ಕೂರಿಸ್ಕೊಂಡು!” ಬೈದು ಬೈದು ಉಸಿರು ಕಟ್ಟಿದ ಮೇಲೆ ಬಾಗಿಲು ಪೂರ್ತಿ ತೆಗೆದಳು. ಚೌಕಟ್ಟಿನ ಮೇಲೆ ವರ್ಷ ವರ್ಷದ ಹೊಗೆಯ ಶಿಲುಬೆಗಳು, ಒಂದರ ಮೇಲೊಂದು ಕಪ್ಪಾಗಿ ಕೂತಿದ್ದವು. ತನ್ನ ಕೈ ನೋಡಿಕೊಂಡಳು, ಚೌಕಟ್ಟು ನೋಡಿದಳು. “ನಂಗೆ ಎತ್ತಕ್ಕಾಗಲ್ಲ. ನೀನೇ ಹಾಕು.”

“ನಾನಾ?”

“ಮತ್ತೆ ಇವನಾ? ಹಾಕು ಅಂದ್ನಲ್ಲ.”

ಸುಮೇಲಾ ಕಂದೀಲಿನಿಂದ ಮೊಂಬತ್ತಿ ತೆಗೆದು ಎತ್ತಿ ಹಿಡಿದಳು. ಮೊದಲು ಉದ್ದದ ಗೆರೆ, ಆಮೇಲೆ ಅಡ್ಡದ್ದು. ಸೊಟ್ಟಗೆ ಬಂತು. ಎವ್ಲಾಂಬಿಯಾ ಮೊಂಬತ್ತಿಯನ್ನು ಮತ್ತೆ ಕಂದೀಲಿಗೆ ಸೇರಿಸಿಕೊಂಡು ಒಳಕೋಣೆಗೆ ಒಯ್ದಳು. ನಾವು ಹೊಸ್ತಿಲಾಚೆಯೇ ಉಳಿದೆವು. ಒಳಗಿನಿಂದ ಎಳೆದೆಳೆದು ಬರುತ್ತಿದ್ದ ಒಂದು ದನಿ ಕೇಳಿಸಿತು.

“ಬಂತಾ ಅಕ್ಕ?”

“ಬಂತು ಕಣೇ ಸ್ಮಾರೊ. ನೋಡು.”

“ಇಷ್ಟು ಹೊತ್ತು ಆರೇ ಹೋಯ್ತೇನೋ ಅಂತಿದ್ದೆ. ದಾರೀಲಿ ಎಲ್ಲೂ ಆರಿಲ್ಲ ತಾನೇ?”

ಸುಮೇಲಾ ಗೋಡೆ ಹಿಡಿದುಕೊಂಡಳು.

“ಇಲ್ಲ ಕಣೇ,” ಅಂದಳು ಎವ್ಲಾಂಬಿಯಾ. “ಒಂದ್ಸಲಾನೂ ಆರಿಲ್ಲ.”

ಸುಮೇಲಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಒಂಬತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಏನು ಮಾಡಬೇಕೆಂದು ತೋಚದೆ ಅವಳ ಪಕ್ಕದಲ್ಲಿ ಕೂತೆ. ಒಳಗಿನಿಂದ ಮುದುಕಿ ಕೂಗಿದಳು:

“ಹೊರಗೆ ಏನ್ರೋ ಮಾಡ್ತಿದೀರಾ? ಬಾಗಿಲು ಹಾಕ್ಕೊಂಡು ಒಳಗೆ ಬನ್ನಿ, ಗಾಳಿಗೆ ದೀಪ ಆರತ್ತೆ!”